ಮಗನ ಸಂಗೀತ ಕೇಳಲು ಲೋವರ್ ಪರೇಲ್‌ನ ಕ್ಲಬ್ಬಿಗೆ ಹೋಗಬೇಕಾಗಿದೆ: ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ: ಡೊಂಬಿವಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಬಂದಂದಿನಿಂದ, ಅಂದರೆ 29 ವರ್ಷಗಳಿಂದ, ಡೊಂಬಿವಲಿಯಲ್ಲಿದ್ದೇನೆ. ನಮ್ಮ ಮಗನಿಗೆ ಈಗ 26 ವರ್ಷ. ಹಗಲಿನಲ್ಲಿ ಒಂದು ಧ್ವನಿಮುದ್ರಣ ಸ್ಟುಡಿಯೋದಲ್ಲಿ ಕೆಲಸ ಮಾಡುವ ಅವನು ಕಳೆದ ನಾಲ್ಕು ವರ್ಷಗಳಿಂದ ರಾತ್ರಿಯ ಹೊತ್ತು ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಲೆಕ್ಟ್ರಾನಿಕ್ ಸಂಗೀತವನ್ನು ಅಭ್ಯಾಸ ಮಾಡುತ್ತಿದ್ದಾನೆ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಸ್ಪೀಕರ್ ಹಚ್ಚುವುದೇ ಇಲ್ಲ. ಹೀಗಾಗಿ ಇಷ್ಟು ವರ್ಷಗಳಲ್ಲಿ ನಮಗೆ ಕೇಳಿಸಿದ್ದು ಯಂತ್ರದ ಗುಂಡಿಗಳನ್ನು ಒತ್ತುವ ಸಣ್ಣ ಸದ್ದು ಮಾತ್ರ. ಅವನು ಏನು ನುಡಿಸುತ್ತಾನೆ ಎಂಬುದನ್ನು ಹೆತ್ತವರಾದ ನಾವು ಒಮ್ಮೆಯೂ ಕೇಳಿಲ್ಲ.

ಮುಂದಿನ ತಿಂಗಳ ಒಂದು ಶನಿವಾರ ಮುಂಬಯಿಯ ಲೋವರ್ ಪರೇಲ್‌ನ ಹಳೆಯ ಬಟ್ಟೆ ಗಿರಣಿಯ ಆವರಣದಲ್ಲಿರುವ ಒಂದು ಕ್ಲಬ್ಬಿನಲ್ಲಿ ಅವನಿಗೆ ಮೊದಲ ಅವಕಾಶ ಸಿಕ್ಕಿದೆ. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಅವನ ಸರದಿ, ಅನಂತರ ಹೆಸರಾಂತ ಡಿಜೆ ಒಬ್ಬರದು. "ಅಮ್ಮ, ಅಪ್ಪ, ನೀವಿಬ್ಬರೂ ಬರಲೇಬೇಕು" ಎಂದು ಹಟ ಹಿಡಿದಿದ್ದಾನೆ. ಅದೇ ಆವರಣದಲ್ಲಿರುವ ಒಂದು ಕಾಕ್‌ಟೇಲ್ ಬಾರಿನಲ್ಲಿ ಅವನ ಗೆಳತಿಯೊಬ್ಬಳು ಕೆಲಸ ಮಾಡುತ್ತಾಳಂತೆ. ಮೊದಲು ಅಲ್ಲಿ ಕುಳಿತು ಏನಾದರೂ ತಿಂದು ಆಮೇಲೆ ಕ್ಲಬ್ಬಿಗೆ ಬನ್ನಿ ಎಂದಿದ್ದಾನೆ.

ನನ್ನ ಗಂಡನಿಗೆ 60 ವರ್ಷ. 1978ರಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದವರು ಅದೇ ಪರಿಸರದ ಒಂದು ಗಿರಣಿಯ ಎದುರಿನ ಹೋಟೆಲಿನಲ್ಲಿ ಚಹಾ ಕೊಡುವ ಹುಡುಗರಾಗಿದ್ದರು. 1982ರ ಗಿರಣಿ ಮುಷ್ಕರದಲ್ಲಿ ಹೋಟೆಲಿಗೆ ಗಿರಾಕಿಯೇ ಇಲ್ಲದಂತಾದಾಗ ಆ ಕೆಲಸ ಹೋಯಿತು. ಅವರಿಗೆ ಆ ಜಾಗಕ್ಕೆ ಹೋಗುವ ಮನಸ್ಸಿದೆ, ಆದರೆ ಬಾರು ಎಂದರೆ ಹಿಂಜರಿಕೆ. ನಾವಿಬ್ಬರೂ ಕುಡಿಯುವವರಲ್ಲ. ನಮ್ಮ ವಯಸ್ಸಿನವರನ್ನು ಒಳಗೆ ಬಿಡುತ್ತಾರೆಯೇ? ಸೀರೆ ಉಟ್ಟು ಹೋಗಬಹುದೇ? ಕುಡಿಯದೆ ಕುಳಿತರೆ ಅವಮರ್ಯಾದೆಯಾಗುತ್ತದೆಯೇ? ಸದ್ದನ್ನು ತಡೆದುಕೊಳ್ಳುವುದು ಹೇಗೆ? ಡೊಂಬಿವಲಿಗೆ ಮರಳುವುದು ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ನಾವು ಹೋಗುವುದರಿಂದ ಮಗನಿಗೆ ಅವನ ಸ್ನೇಹಿತರ ಮುಂದೆ ಮುಜುಗರವಾಗಬಾರದು. ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಅಂಧೇರಿಯ ಹಿರಿಯರು

ತಂಗಿಯ ಸಮಾನರಾದ ತಮಗೆ ನಮಸ್ಕಾರ. ತಮ್ಮ ಯಜಮಾನರ ಕತೆಯನ್ನು ಓದಿ ನನ್ನದೇ ಕತೆಯನ್ನು ಓದಿದಂತಾಯಿತು. ನಾನು ಕಾರ್ಕಳದಿಂದ 1972ರಲ್ಲಿ ಬಂದವನು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಅನಂತರ 31 ವರ್ಷ ಒಂದು ಪರ್ಮಿಟ್ ರೂಮ್ ನಡೆಸಿದವನು. ಆ ಅನುಭವದಿಂದ ಕಾನೂನಿನ ವಿಷಯವನ್ನಷ್ಟು ಹೇಳುತ್ತೇನೆ. ಸಂಗೀತದ ವಿಷಯವನ್ನು ಬಲ್ಲವರು ಹೇಳಲಿ.

ಮುಂಬಯಿಯಲ್ಲಿ ಬಾರಿನ ಫಲಕದ ಮೇಲೆ ಪರ್ಮಿಟ್ ರೂಮ್ ಎಂದು ಬರೆದಿರುವುದನ್ನು ತಾವು ನೋಡಿರುತ್ತೀರಿ. 1949ರ ಮದ್ಯನಿಷೇಧ ಕಾಯ್ದೆ ಮಹಾರಾಷ್ಟ್ರದಲ್ಲಿ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಕುಡಿಯುವವನ ಬಳಿ ಪರವಾನಗಿ ಇರಬೇಕು. ಆರೋಗ್ಯದ ರಕ್ಷಣೆ ಮತ್ತು ಪಾಲನೆಗಾಗಿ ಈತನಿಗೆ ಮದ್ಯ ಬೇಕಾಗಿದೆ ಎಂಬ ಅರ್ಥದ ಮಾತು ಆ ಪರವಾನಗಿಯಲ್ಲಿಯೇ ಇರುತ್ತದೆ. ಒಂದು ದಿನದ ಪರವಾನಗಿಗೆ 5 ರೂಪಾಯಿ, ಜೀವಮಾನದ್ದಕ್ಕೆ 1000 ರೂಪಾಯಿ. ನನ್ನ ಗಲ್ಲೆಯ ಕೆಳಗಿನ ಖಾನೆಯಲ್ಲಿ ಆ ಒಂದು ದಿನದ ಚೀಟಿಗಳ ಪುಸ್ತಕ ಸದಾ ಇರುತ್ತಿತ್ತು. ತಿಂಗಳ ಕೊನೆಗೆ ಅದರ ಅರ್ಧಚೀಟಿಗಳನ್ನು ಎಣಿಸಿ ಲೆಕ್ಕ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ತಾವು ಕುಡಿಯುವವರಲ್ಲವಾದ್ದರಿಂದ ತಮಗೆ ಇದರ ಅಗತ್ಯವಿಲ್ಲ. ಆದರೆ ಮಗನ ಗೆಳೆಯರಿಗೆ ಈ ರಾಜ್ಯದಲ್ಲಿ ಬಿಯರಿಗೆ 21 ವರ್ಷ, ವಿಸ್ಕಿಯಂಥ ಗಟ್ಟಿ ಮದ್ಯಕ್ಕೆ 25 ವರ್ಷ ತುಂಬಿರಬೇಕು ಎಂಬುದು ನೆನಪಿರಲಿ. ವಯಸ್ಸಿನ ಗುರುತಿನ ಚೀಟಿಯನ್ನು ಬಾಗಿಲಲ್ಲಿಯೇ ಕೇಳುವುದು ಈ ಕಾರಣಕ್ಕೆ. ಹಿರಿಯರನ್ನು ತಡೆಯುವ ನಿಯಮ ಯಾವುದೂ ಇಲ್ಲ.

ಸಮಯದ ಬಗ್ಗೆ ಹೇಳುವುದಾದರೆ, ಮುಂಬಯಿಯ ಬಾರು ಮತ್ತು ಪಬ್ಬುಗಳು ಸಾಮಾನ್ಯವಾಗಿ ರಾತ್ರಿ ಒಂದೂವರೆಗೆ ಮುಚ್ಚಬೇಕು. 2020ರ ಜನವರಿಯಲ್ಲಿ ಮಾಲ್ ಮತ್ತು ಗಿರಣಿ ಆವರಣಗಳ ಅಂಗಡಿ, ಹೋಟೆಲುಗಳಿಗೆ ಇಡೀ ರಾತ್ರಿ ತೆರೆದಿರಲು ಅವಕಾಶ ದೊರೆತಾಗಲೂ ಮದ್ಯದ ಸಮಯ ಬದಲಾಗಲಿಲ್ಲ. ತೆರೆದ ಬಯಲಿನಲ್ಲಿ ಅಥವಾ ತಾರಸಿಯಲ್ಲಿ ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಗಡಿ ಇದೆ. ಹತ್ತರ ನಂತರವೂ ನುಡಿಸುವುದಾದರೆ ಮುಚ್ಚಿದ, ಸದ್ದು ಹೊರಹೋಗದ ಕೋಣೆಯೇ ಬೇಕು.

ಇಲ್ಲಿಯೇ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಮುಚ್ಚಿದ ಕೋಣೆ ಎಂದರೆ ಕಿಟಕಿಯಿಲ್ಲದ ಕೋಣೆ. 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದ ತಾರಸಿ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಹೊರದಾರಿ ಕಾಣದೆ ಶೌಚಾಲಯದಲ್ಲಿ ಆಶ್ರಯ ಪಡೆದು ಹೊಗೆಯಿಂದ ಉಸಿರುಗಟ್ಟಿದವರು. ಆ ಸುದ್ದಿ ಓದಿದ ಬೆಳಿಗ್ಗೆ ನಾನು ನನ್ನ ಬಾರಿನ ಹಿಂಬಾಗಿಲಿಗೆ ಹೋಗಿ ನೋಡಿದೆ. ಖಾಲಿ ಬಾಟಲಿಗಳ ಕ್ರೇಟುಗಳು ಸೊಂಟದ ಎತ್ತರಕ್ಕೆ ಅಲ್ಲಿ ಪೇರಿಸಿದ್ದವು. ಎಷ್ಟು ವರ್ಷಗಳಿಂದ ಹಾಗೆಯೇ ಇದ್ದವೋ, ನಾನೇ ಇರಿಸಲು ಹೇಳಿದ್ದೆ. ನನ್ನ ಕೈಯಾರೆ ಒಂದೊಂದನ್ನೂ ತೆಗೆದೆ. ಆದ್ದರಿಂದ ತಾವು ಒಳಗೆ ಹೋದ ಕೂಡಲೇ, ಕುರ್ಚಿ ಹುಡುಕುವುದಕ್ಕೂ ಮೊದಲು, ಬಂದ ಬಾಗಿಲನ್ನು ಬಿಟ್ಟು ಎರಡನೆಯ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳಿ. ಅದು ಕಾಣದಿದ್ದರೆ ಅಲ್ಲಿನ ಹುಡುಗರನ್ನು ಕೇಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಬಿಲ್ಲಿನ ಬಗ್ಗೆ ಒಂದೇ ಮಾತು: ಊಟಕ್ಕೆ ಜಿಎಸ್‌ಟಿ, ಮದ್ಯಕ್ಕೆ ರಾಜ್ಯದ ವ್ಯಾಟ್ ಬೇರೆಬೇರೆಯಾಗಿ ಇರುತ್ತವೆ. ಸೇವಾಶುಲ್ಕ ಕಡ್ಡಾಯವಲ್ಲ, ಬೇಡವೆಂದರೆ ತೆಗೆಯಬೇಕು.

ಉತ್ತರ: ಗೋರೆಗಾಂವ್‌ನ ಧ್ವನಿ ತಂತ್ರಜ್ಞ

ಅಕ್ಕನವರೇ, ನಾನು ಧಾರವಾಡದವನು. ಹದಿನೇಳು ವರ್ಷಗಳಿಂದ ಮುಂಬಯಿಯ ಸಂಗೀತ ವೇದಿಕೆಗಳಲ್ಲಿ ಧ್ವನಿ ವ್ಯವಸ್ಥೆಯ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಒಂದೇ ವಿವರ: ಒಂಬತ್ತೂವರೆಯಿಂದ ಹನ್ನೊಂದು. ಅಂದರೆ ನಿಮ್ಮ ಮಗ ಆರಂಭದ ಸರದಿಯನ್ನು ನುಡಿಸುತ್ತಿದ್ದಾನೆ. ಇದು ಏನೆಂದು ನಿಮಗೆ ತಿಳಿದಿದ್ದರೆ ಆ ರಾತ್ರಿ ಸಂಪೂರ್ಣವಾಗಿ ಅರ್ಥವಾಗುತ್ತದೆ.

ನೀವು ಕುಂದಾಪುರದವರಾದ್ದರಿಂದ ಬಯಲಾಟದ ಉದಾಹರಣೆಯನ್ನೇ ಕೊಡುತ್ತೇನೆ. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗಕ್ಕೆ ಮೊದಲು ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಇರುತ್ತದೆಯಲ್ಲವೇ? ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ, ಕಡಲೆ ಕೊಳ್ಳುತ್ತಿರುತ್ತಾರೆ, ವೇಷ ಕಟ್ಟಿದ ಹುಡುಗರು ಅರೆ ಖಾಲಿ ಬಯಲಿಗೆ ಕುಣಿಯುತ್ತಿರುತ್ತಾರೆ. ಆ ಹುಡುಗರು ಬೆಳಗಿನ ಜಾವದ ಏರು ಪದ್ಯದ ರಭಸವನ್ನು ಅಲ್ಲಿಯೇ ತೋರಿಸಲು ಹೊರಟರೆ ಆಟ ಕೆಡುತ್ತದೆ. ಕ್ಲಬ್ಬಿನಲ್ಲಿಯೂ ಹಾಗೆಯೇ. ಆರಂಭದ ಡಿಜೆ ಮುಖ್ಯ ಕಲಾವಿದನ ವೇಗವನ್ನು ಮುಟ್ಟಬಾರದು, ಅವನ ಪ್ರಸಿದ್ಧ ಹಾಡುಗಳನ್ನು ನುಡಿಸಬಾರದು, ಆದರೆ ಜನ ಬಾಗಿಲಿನಿಂದಲೇ ಹಿಂತಿರುಗದಂತೆ ಹಿಡಿದಿರಬೇಕು. ನಿಮಿಷಕ್ಕೆ 118 ಅಥವಾ 120 ಬಡಿತಗಳಲ್ಲಿ ತೊಡಗಿ, ಒಂದೂವರೆ ಗಂಟೆಯಲ್ಲಿ ಯಾರಿಗೂ ಅರಿವಾಗದಂತೆ 124ಕ್ಕೆ ತಂದು, ತುಂಬಿದ ಸಭೆಯನ್ನು ಮತ್ತೊಬ್ಬನ ಕೈಗೆ ಒಪ್ಪಿಸಿ ಇಳಿಯಬೇಕು. ಚಪ್ಪಾಳೆ ಸಿಗುವುದು ಮುಂದಿನವನಿಗೆ. ನನ್ನ ಅನುಭವದಲ್ಲಿ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲವರು ಬಹಳ ಕಡಿಮೆ, ಮತ್ತು ಇದಕ್ಕೆ ಆರಿಸಲ್ಪಟ್ಟಿದ್ದಾನೆ ಎಂದರೆ ಹುಡುಗನಿಗೆ ತಾಳ್ಮೆ ಇದೆ ಎಂದು ಯಾರೋ ಗುರುತಿಸಿದ್ದಾರೆ.

ಆದ್ದರಿಂದ ನೀವು ತಡವಾಗಿ ಹೋಗಬೇಡಿ. ಒಂಬತ್ತೂಕಾಲಿಗೆ ಅಲ್ಲಿರಿ. ಕ್ಲಬ್ಬಿನ ನೆಲ ಖಾಲಿಯಾಗಿರುವ ಆ ಅರ್ಧ ಗಂಟೆಯಲ್ಲಿ ಎದುರಿಗೆ ನಿಂತ ಇಬ್ಬರು ಹನ್ನೆರಡು ಗಂಟೆಯ ಇನ್ನೂರು ಜನರಿಗೆ ಸಮ.

ಅವನ ಕೈಯನ್ನು ಹೇಗೆ ನೋಡಬೇಕೆಂದು ಹೇಳುತ್ತೇನೆ. ಅವನ ಮುಂದೆ ಎರಡು ಪ್ಲೇಯರುಗಳು, ನಡುವೆ ಒಂದು ಮಿಕ್ಸರ್ ಇರುತ್ತವೆ. ಸಭೆ ಕೇಳುತ್ತಿರುವುದು ಒಂದು ಹಾಡನ್ನು, ಅವನ ಒಂದು ಕಿವಿಯ ಹೆಡ್‌ಫೋನಿನಲ್ಲಿ ಓಡುತ್ತಿರುವುದು ಮುಂದಿನ ಹಾಡು. ಎರಡರ ವೇಗವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿದ ಮೇಲೆ, ಹಳೆಯ ಹಾಡಿನ ತಗ್ಗು ಸ್ವರಗಳ ಗುಂಡಿಯನ್ನು ಎಡಕ್ಕೆ ತಿರುಗಿಸುತ್ತ ಹೊಸದರ ಗುಂಡಿಯನ್ನು ಬಲಕ್ಕೆ ತಿರುಗಿಸುತ್ತಾನೆ. ಎರಡು ಬೇಸ್‌ಗಳು ಒಟ್ಟಿಗೆ ಕೇಳಿಸಿದರೆ ಸದ್ದು ಕದಡಿದ ನೀರಿನಂತಾಗುತ್ತದೆ. ಆ ಬದಲಾವಣೆಯ ಕ್ಷಣವನ್ನು ಗಮನಿಸಿ. ಚೆನ್ನಾಗಿ ಮಾಡಿದಾಗ ಹಾಡು ಬದಲಾದದ್ದು ಮುಗಿದ ಮೇಲಷ್ಟೇ ತಿಳಿಯುತ್ತದೆ.

ಇದು ಪರದೇಶದ ಸದ್ದು, ನಮ್ಮದಲ್ಲ ಎಂದು ನಿಮ್ಮ ಯಜಮಾನರಿಗೆ ಅನ್ನಿಸಿದರೆ ಅವರಿಗೆ ಚರಣಜಿತ್ ಸಿಂಗ್ ಅವರ ವಿಷಯ ಹೇಳಿ. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ದುಡಿದ ಆ ಮುಂಬಯಿಯ ಕಲಾವಿದರು 1982ರಲ್ಲಿ, ಎಂದರೆ ಗಿರಣಿಗಳು ಮುಷ್ಕರದಿಂದ ಸ್ತಬ್ಧವಾಗಿದ್ದ ಅದೇ ವರ್ಷ, ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಬೇಸ್ ಯಂತ್ರವನ್ನೂ ಟಿಆರ್-808 ಎಂಬ ತಾಳದ ಯಂತ್ರವನ್ನೂ ಬಳಸಿ ಭೈರವ, ಲಲಿತ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಧ್ವನಿಮುದ್ರಿಸಿದರು. ಶಿಕಾಗೋದಲ್ಲಿ ಅದೇ 303ರಿಂದ ಆಸಿಡ್ ಹೌಸ್ ಎಂಬ ನೃತ್ಯಸಂಗೀತದ ಪ್ರಕಾರ ಹುಟ್ಟಿದ್ದು ಕೆಲವು ವರ್ಷಗಳ ನಂತರ. ಆಗ ಆ ರೆಕಾರ್ಡನ್ನು ಇಲ್ಲಿ ಹೆಚ್ಚು ಜನ ಕೊಳ್ಳಲಿಲ್ಲ. 2010ರಲ್ಲಿ ಅದು ಮರುಬಿಡುಗಡೆಯಾದ ಮೇಲೆ ಜಗತ್ತು ಕಿವಿಗೊಟ್ಟಿತು. ಅವರು 2015ರಲ್ಲಿ ತೀರಿಕೊಂಡರು. ಇನ್ನು ಲೋವರ್ ಪರೇಲ್‌ನ ವಿಷಯ: 2007ರಲ್ಲಿ ಮಥುರಾದಾಸ್ ಮಿಲ್ ಆವರಣದಲ್ಲಿ ತೆರೆದು 2016ರವರೆಗೆ ನಡೆದ ಬ್ಲೂ ಫ್ರಾಗ್, ಊಟ ಮತ್ತು ಮದ್ಯಕ್ಕಿಂತ ಧ್ವನಿಗೆ ಮೊದಲ ಸ್ಥಾನ ಕೊಟ್ಟ ಕ್ಲಬ್ ಆಗಿತ್ತು. ನನ್ನಂಥ ಅನೇಕರ ಕಿವಿ ತಯಾರಾದದ್ದು ಅಲ್ಲಿ.

ಸದ್ದಿನ ವಿಷಯದಲ್ಲಿ ಮಾತ್ರ ಧೈರ್ಯ ಮಾಡಬೇಡಿ. ಇಂಥ ಸ್ಥಳಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಸರಾಸರಿ ಮಟ್ಟ 100 ಡೆಸಿಬಲ್ ಮೀರಬಾರದು, ಆದರೆ 100 ಡೆಸಿಬಲ್ ಎಂಬುದೂ ಬರಿಗಿವಿಗೆ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಒಳ್ಳೆಯದಲ್ಲ. ಔಷಧಿ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ ಕಿವಿಯನ್ನು ಕಾಪಾಡುತ್ತದೆ, ಆದರೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗುವುದರಿಂದ ಸಂಗೀತ ಮಂಕಾಗಿ ಕೇಳುತ್ತದೆ. ಸಂಗೀತಗಾರರು ಬಳಸುವ ಸಿಲಿಕಾನ್ ಪ್ಲಗ್ ಎಲ್ಲ ಸ್ವರಗಳನ್ನೂ ಸುಮಾರಾಗಿ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಎರಡು ಜೊತೆ ಕೊಳ್ಳಿ. ಸ್ಪೀಕರಿನ ಎದುರಿಗೂ ಗೋಡೆಯ ಮೂಲೆಗೂ ನಿಲ್ಲಬೇಡಿ. 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್ ಇರುತ್ತದೆ, ಅಂಥ ಅಲೆಗಳು ಮೂಲೆಗಳಲ್ಲಿ ಬಂದು ಶೇಖರಗೊಂಡು ಎದೆಯನ್ನು ಒತ್ತಿದಂತಾಗುತ್ತದೆ. ಎರಡೂ ಸ್ಪೀಕರುಗಳಿಂದ ಸಮ ದೂರದಲ್ಲಿ, ನೆಲದ ಮಧ್ಯಕ್ಕಿಂತ ಸ್ವಲ್ಪ ಹಿಂದೆ ನಿಂತರೆ ಸಂಗೀತ ಅತ್ಯಂತ ಸ್ಪಷ್ಟವಾಗಿ ಕೇಳುತ್ತದೆ. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಹತ್ತು ನಿಮಿಷ ಕಿವಿಗೆ ವಿಶ್ರಾಂತಿ ಕೊಡಿ.

ಉತ್ತರ: ಬಾಂದ್ರಾದ ಬಾರ್‌ಟೆಂಡರ್

ಅಮ್ಮಾ, ನಾನು ಶಿವಮೊಗ್ಗದವಳು. ಆರು ವರ್ಷಗಳಿಂದ ಮುಂಬಯಿಯಲ್ಲಿ ಕಾಕ್‌ಟೇಲ್ ಬಾರುಗಳ ಕೌಂಟರಿನ ಹಿಂದೆ ಕೆಲಸ ಮಾಡುತ್ತಿದ್ದೇನೆ. ನನ್ನ ತಾಯಿ ಇಂದಿಗೂ ನಾನು ಕೆಲಸ ಮಾಡುವ ಜಾಗಕ್ಕೆ ಬಂದಿಲ್ಲ. ನೀವು ಹೋಗುವ ಮನಸ್ಸು ಮಾಡಿದ್ದೀರೆಂದು ಓದಿ ನನಗೆ ಬಹಳ ಸಂತೋಷವಾಯಿತು.

ಕುಡಿಯದೆ ಕುಳಿತರೆ ಅವಮರ್ಯಾದೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಒಳ್ಳೆಯ ಬಾರಿನಲ್ಲಿ ಮದ್ಯವಿಲ್ಲದ ಪಾನೀಯವನ್ನೂ ಅದೇ ಶ್ರದ್ಧೆಯಿಂದ ಮಾಡುತ್ತಾರೆ. ಸಾಧ್ಯವಾದರೆ ಮೇಜಿನ ಬದಲು ಕೌಂಟರಿನ ಮುಂದಿನ ಎತ್ತರದ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಎಂಟು ಗಂಟೆಗೆ ಮೊದಲಾದರೆ ಜನ ಕಡಿಮೆ ಇರುತ್ತಾರೆ, ಮಾತನಾಡಲು ನಮಗೂ ಬಿಡುವಿರುತ್ತದೆ. ಮೆನುವಿನಲ್ಲಿರುವ ಹೆಸರುಗಳಿಂದ ಏನೂ ತಿಳಿಯದಿದ್ದರೆ ಅದನ್ನು ಪಕ್ಕಕ್ಕಿಟ್ಟು, ಹುಳಿ ಇಷ್ಟವೋ, ಕಹಿ ಇಷ್ಟವೋ, ಸಿಹಿ ಎಷ್ಟು ಬೇಕು ಎಂಬುದನ್ನು ನಾಲಿಗೆಯ ಭಾಷೆಯಲ್ಲಿಯೇ ಹೇಳಿ. ನಮಗೆ ಬೇಕಾದದ್ದು ಅಷ್ಟೇ. ಮುಂಬಯಿಯ ಅನೇಕ ಬಾರುಗಳಲ್ಲಿ ಕೋಕಂ ಇರುತ್ತದೆ, ಎಂದರೆ ನಿಮ್ಮೂರಿನ ಪುನರ್ಪುಳಿ. ಅದರ ರಸಕ್ಕೆ ಚಿಟಿಕೆ ಉಪ್ಪು, ಜಜ್ಜಿದ ಹಸಿಮೆಣಸು, ಸೋಡಾ ಹಾಕಿ ಕೊಡಿ ಎಂದರೆ ಸಾಕು. ಆದರೆ ಹೇಳುವಾಗ "ಮದ್ಯ ಬೇಡ" ಎಂಬುದನ್ನು ಎರಡು ಬಾರಿ ಸ್ಪಷ್ಟವಾಗಿ ಹೇಳಿ. ಕೆಲವು ಪಾನೀಯಗಳಲ್ಲಿ ಹಾಕುವ ಬಿಟರ್ಸ್ ಎಂಬ ಕಹಿ ಸತ್ವದ ಎರಡು ಹನಿಯಲ್ಲಿಯೂ ಮದ್ಯವಿರುತ್ತದೆ, ಅದನ್ನು ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೌಂಟರಿನಲ್ಲಿ ಕುಳಿತರೆ ಕೆಲಸವನ್ನು ಹತ್ತಿರದಿಂದ ನೋಡಬಹುದು. ನಾವು ಬಳಸುವ ಗಾಜಿನಂಥ ಮಂಜುಗಡ್ಡೆಯನ್ನು ಒಂದೇ ದಿಕ್ಕಿನಿಂದ ನಿಧಾನವಾಗಿ ಹೆಪ್ಪುಗಟ್ಟಿಸುತ್ತಾರೆ. ನೀರಿನಲ್ಲಿರುವ ಗಾಳಿಯ ಗುಳ್ಳೆಗಳೆಲ್ಲ ಕೆಳಕ್ಕೆ ಸರಿದು, ಮಸುಕಾದ ಆ ಭಾಗವನ್ನು ಗರಗಸದಿಂದ ಕೊಯ್ದು ಬಿಸಾಡಿದ ಮೇಲೆ ಉಳಿದದ್ದು ಅದು. ಬೆಳಿಗ್ಗೆ ಹನ್ನೊಂದರಿಂದ ಸಂಜೆಯವರೆಗೆ ನನ್ನ ಕೈ ತಣ್ಣಗಿರುವುದು ಆ ಗಡ್ಡೆಗಳನ್ನು ಚೌಕವಾಗಿ ಕೊಯ್ಯುವುದರಿಂದ. ದೊಡ್ಡ ಒಂದೇ ತುಂಡಿನ ಮೇಲ್ಮೈ ಕಡಿಮೆಯಿರುವುದರಿಂದ ಅದು ತಡವಾಗಿ ಕರಗುತ್ತದೆ, ಪಾನೀಯ ಬೇಗ ನೀರಾಗುವುದಿಲ್ಲ. ಹಣ್ಣಿನ ರಸವಿದ್ದರೆ ಶೇಕರಿನಲ್ಲಿ ಕುಲುಕುತ್ತೇವೆ, ಬರಿಯ ಮದ್ಯಗಳ ಮಿಶ್ರಣವಾದರೆ ಉದ್ದನೆಯ ಚಮಚದಿಂದ ಸದ್ದಿಲ್ಲದೆ ಕದಡುತ್ತೇವೆ. ಹೊಸಬರು ಚಮಚವನ್ನು ತಿರುಗಿಸುತ್ತಾರೆ. ಕಲಿತವರ ಕೈಯಲ್ಲಿ ಚಮಚದ ಬೆನ್ನು ಗ್ಲಾಸಿನ ಗೋಡೆಯನ್ನು ಬಿಡುವುದೇ ಇಲ್ಲ, ಮಂಜುಗಡ್ಡೆಗಳೆಲ್ಲ ಒಂದಾಗಿ ಸುತ್ತುತ್ತವೆ.

ಮಗನ ಗೆಳೆಯರಲ್ಲಿ ಯಾರಾದರೂ ಕುಡಿಯುವವರಿದ್ದರೆ ಈ ಲೆಕ್ಕ ಹೇಳಿ. ಒಂದು ಕಾಕ್‌ಟೇಲಿನಲ್ಲಿ 60 ಮಿಲಿಲೀಟರ್ ಮದ್ಯವಿದ್ದರೆ, ಇಲ್ಲಿನ ಶೇಕಡ 42.8ರ ಪ್ರಮಾಣದಲ್ಲಿ, ಅದರಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದನ್ನು ಕರಗಿಸಲು ಯಕೃತ್ತಿಗೆ ಎರಡು ಗಂಟೆಗಿಂತ ಹೆಚ್ಚು ಬೇಕು. ಸಿಹಿ ಮತ್ತು ಹುಳಿ ಅದನ್ನು ಮರೆಮಾಚುವುದರಿಂದ ಎಷ್ಟು ಕುಡಿದೆವೆಂಬುದು ಕುಡಿದವರಿಗೇ ತಿಳಿಯುವುದಿಲ್ಲ. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಂ ದಾಟಿದರೆ ವಾಹನ ಓಡಿಸುವುದು ಅಪರಾಧ, ಮೊದಲ ಬಾರಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಯಾರೇ ಆಗಲಿ ತಮ್ಮ ಗ್ಲಾಸನ್ನು ಬಿಟ್ಟು ಹೋಗಬಾರದು. ಬಿಟ್ಟು ಹೋಗಿದ್ದರೆ ಮರಳಿ ಬಂದು ಅದನ್ನೇ ಕುಡಿಯಬಾರದು. ಹೊಸದನ್ನು ಕೇಳಿದರೆ ನಾವು ಬೇಸರಪಡುವುದಿಲ್ಲ.

ಉತ್ತರ: ಪುಣೆಯ ಓದುಗ

ಉಡುಪಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ನನ್ನ ಅಣ್ಣನ ಮಗಳ ಹುಟ್ಟುಹಬ್ಬಕ್ಕೆಂದು ಪುಣೆಯ ಒಂದು ಕ್ಲಬ್ಬಿಗೆ ಹೋಗಿದ್ದೆವು. ನಾನು ಜುಬ್ಬಾ ತೊಟ್ಟು ಕೊಲ್ಹಾಪುರಿ ಚಪ್ಪಲಿ ಹಾಕಿದ್ದೆ. ಬಾಗಿಲಲ್ಲಿದ್ದವರು ನನ್ನ ಮುಖವನ್ನೂ ನೋಡದೆ, ಪಾದಗಳನ್ನು ನೋಡಿ ಬರುವಂತಿಲ್ಲ ಎಂದರು. ಮಕ್ಕಳೆಲ್ಲ ಒಳಗೆ ಹೋದ ಮೇಲೆ ನಾನು ಒಂದು ಗಂಟೆ ಕಾರಿನಲ್ಲಿ ಕುಳಿತೆ. ಆ ನೋವು ನನಗೆ ಇನ್ನೂ ಆರಿಲ್ಲ. ನಮ್ಮ ನೆಲದ ಪಾದರಕ್ಷೆಯನ್ನು ಹಾಕಿಕೊಂಡವನಿಗೆ ನಮ್ಮ ಊರಿನ ಬಾಗಿಲು ಮುಚ್ಚುವುದು ತಪ್ಪು ಎಂದೇ ಈಗಲೂ ಹೇಳುತ್ತೇನೆ.

ಆದರೆ ತಮಗೆ ಹಾಗಾಗಬಾರದು. ಸೀರೆಗೆ ಸಾಮಾನ್ಯವಾಗಿ ಆಕ್ಷೇಪವಿರುವುದಿಲ್ಲ, ಚಪ್ಪಲಿಗೆ ಇರುತ್ತದೆ. ಇಬ್ಬರೂ ಮುಚ್ಚಿದ ಬೂಟು ಹಾಕಿಕೊಳ್ಳಿ. ಕತ್ತಲೆಯಲ್ಲಿ ಒಡೆದ ಗಾಜಿನ ಚೂರಿನಿಂದಲೂ ಅದು ಕಾಪಾಡುತ್ತದೆ. ಕಲಾವಿದರಿಗೆ ತಮ್ಮ ಅತಿಥಿಗಳ ಹೆಸರನ್ನು ಮೊದಲೇ ಬರೆಸುವ ಅವಕಾಶವಿರುತ್ತದೆ. ಮಗನು ತಮ್ಮಿಬ್ಬರ ಹೆಸರನ್ನು ಆ ಪಟ್ಟಿಯಲ್ಲಿ ಸೇರಿಸಿದ್ದಾನೆಯೇ ಎಂದು ಹಿಂದಿನ ದಿನ ಮತ್ತೊಮ್ಮೆ ಕೇಳಿ, ಆಧಾರ್ ಚೀಟಿಯನ್ನು ಕೈಯಲ್ಲಿಟ್ಟುಕೊಳ್ಳಿ. ಮಧ್ಯ ರೈಲ್ವೆಯ ಕೊನೆಯ ಗಾಡಿಗಳು ನಡುರಾತ್ರಿ ದಾಟುತ್ತಿದ್ದಂತೆ ಹೊರಟುಬಿಡುತ್ತವೆ, ಆಮೇಲೆ ನಸುಕಿನ ನಾಲ್ಕರ ಸುಮಾರಿನವರೆಗೆ ಏನೂ ಇಲ್ಲ. ಆದ್ದರಿಂದ ಹನ್ನೊಂದೂಕಾಲಿಗೆ ಎದ್ದು ಕರಿ ರೋಡ್ ನಿಲ್ದಾಣದ ಕಡೆ ಹೊರಡುವುದು ಕ್ಷೇಮ.

ಮತ್ತೆ ಡೊಂಬಿವಲಿಯ ತಾಯಿ, ಐದು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ನಾವು ಹೋಗಿ ಬಂದೆವು. ಹೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ.

ಏಳೂವರೆಗೆ ಬಾರಿನಲ್ಲಿದ್ದೆವು. ಕೌಂಟರಿನ ಎತ್ತರದ ಕುರ್ಚಿ ಹತ್ತಲು ನನಗೆ ಸ್ವಲ್ಪ ಕಷ್ಟವಾಯಿತು, ಮಗನ ಗೆಳತಿ ಹೊರಗೆ ಬಂದು ಕೈಹಿಡಿದಳು. ಪುನರ್ಪುಳಿಯ ಪಾನೀಯಕ್ಕೆ ಅವಳು ಸುಟ್ಟ ಜೀರಿಗೆಯನ್ನೂ ಹಾಕಿದ್ದಳು. ನನ್ನ ಗಂಡ ಚಮಚದ ಬೆನ್ನನ್ನೇ ನೋಡುತ್ತ ಕುಳಿತಿದ್ದರು, ಮತ್ತು ತಾವು ಚಹಾದ ಹನ್ನೆರಡು ಗ್ಲಾಸುಗಳನ್ನು ಒಂದೇ ಕೈಯಲ್ಲಿ ಹಿಡಿದು ಗಿರಣಿಯ ಗೇಟು ದಾಟುತ್ತಿದ್ದುದು ಹೇಗೆಂದು ಅವಳಿಗೆ ಖಾಲಿ ಗ್ಲಾಸುಗಳಿಂದ ತೋರಿಸಿಕೊಟ್ಟರು. ಅವರು ಆ ಹೋಟೆಲಿನ ವಿಷಯವನ್ನು ಹೊರಗಿನವರ ಮುಂದೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಂಬತ್ತೂಕಾಲಿಗೆ ಕ್ಲಬ್ಬಿನೊಳಗೆ ಹೋದೆವು. ಹೆಸರು ಪಟ್ಟಿಯಲ್ಲಿತ್ತು, ಬೂಟುಗಳನ್ನು ಯಾರೂ ನೋಡಲಿಲ್ಲ. ಅಂಧೇರಿಯ ಅಣ್ಣನವರು ಹೇಳಿದ ಎರಡನೆಯ ಬಾಗಿಲು ಶೌಚಾಲಯದ ಪಕ್ಕದಲ್ಲಿತ್ತು, ತಳ್ಳಿ ನೋಡಿದೆ, ತೆರೆಯಿತು. ಒಳಗೆ ನಮ್ಮನ್ನೂ ಸೇರಿಸಿ ಒಂಬತ್ತು ಜನ. ಪ್ಲಗ್ ಹಾಕಿಕೊಂಡು, ನೆಲದ ಮಧ್ಯಕ್ಕಿಂತ ಸ್ವಲ್ಪ ಹಿಂದೆ ನಿಂತೆವು. ಮಗ ನಮ್ಮನ್ನು ನೋಡಿದ, ನಗಲಿಲ್ಲ, ತಲೆ ತಗ್ಗಿಸಿ ಕೆಲಸದಲ್ಲಿ ತೊಡಗಿದ. ಎಡಭುಜವನ್ನು ಎತ್ತಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ. ಸಣ್ಣವನಿದ್ದಾಗ ಊರಿನ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡುವಾಗ ಅವನು ಹಾಗೆಯೇ ನಿಲ್ಲುತ್ತಿದ್ದ.

ಮೊದಲ ಅರ್ಧ ಗಂಟೆ ನನಗೆ ಬಡಿತವೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅನಂತರ ಗುಂಡಿ ತಿರುಗಿಸುವ ಕೈಯನ್ನು ನೋಡುತ್ತ ಹೋದಂತೆ, ತಗ್ಗಿನ ಸ್ವರ ಒಂದು ಹಾಡಿನಿಂದ ಇಳಿದು ಮತ್ತೊಂದರ ಹೆಗಲೇರುವುದು ಗೊತ್ತಾಗತೊಡಗಿತು. ಒಂದು ಕಡೆ, ಸುಮಾರು ಹತ್ತೂಕಾಲರ ಹೊತ್ತಿಗೆ, ಅವನು ಎರಡು ಹಾಡುಗಳನ್ನು ಎಷ್ಟು ಹೊತ್ತು ಜೊತೆಯಲ್ಲಿ ನಡೆಸಿದನೆಂದರೆ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಹಿಂತಿರುಗಿ ನೋಡಿದರೆ ನೆಲ ತುಂಬಿತ್ತು. ಜನ ಯಾವಾಗ ಬಂದರೆಂಬುದು ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ. ನಮ್ಮ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ನನ್ನ ಕಿವಿಯ ಬಳಿ ಬಂದು ಇವರು ಯಾರು ನುಡಿಸುತ್ತಿರುವುದು ಎಂದು ಹಿಂದಿಯಲ್ಲಿ ಕೇಳಿದಳು. ನನ್ನ ಮಗ ಎಂದೆ.

ಹನ್ನೊಂದಕ್ಕೆ ಅವನು ಮುಖ್ಯ ಕಲಾವಿದರಿಗೆ ಜಾಗ ಬಿಟ್ಟು ಇಳಿದ. ಹಿರಿಯ ಡಿಜೆ ಅವನ ಕೊನೆಯ ಹಾಡನ್ನು ಕೂಡಲೇ ನಿಲ್ಲಿಸದೆ ಮುಗಿಯುವವರೆಗೂ ಓಡಲು ಬಿಟ್ಟರು. ಅದು ಗೌರವದ ಸೂಚನೆ ಎಂದು ಮಗ ಆಮೇಲೆ ಹೇಳಿದ. ಹನ್ನೊಂದೂಕಾಲಿಗೆ ನಾವು ಹೊರಬಂದು ಕರಿ ರೋಡ್‌ಗೆ ನಡೆದು ರೈಲು ಹಿಡಿದೆವು.

ಈಗ ಇನ್ನೊಂದು ಪ್ರಶ್ನೆ ಇದೆ. ಮುಂದಿನ ತಿಂಗಳು ಅವನಿಗೆ ಪುಣೆಯ ಕೋರೆಗಾಂವ್ ಪಾರ್ಕ್‌ನಲ್ಲಿ ನುಡಿಸಲು ಕರೆ ಬಂದಿದೆ, ಈ ಬಾರಿಯೂ ಆರಂಭದ ಸರದಿಯೇ. ರಾತ್ರಿಯೇ ಮರಳುವುದು ಸಾಧ್ಯವಿಲ್ಲ. ಪುಣೆಯ ಸಹೋದರರು ಅಥವಾ ಬೇರೆ ಯಾರಾದರೂ ಆ ಪರಿಸರದಲ್ಲಿ ನಮ್ಮಂಥ ಇಬ್ಬರು ಉಳಿದುಕೊಳ್ಳಲು ತಕ್ಕ ಸಾಧಾರಣ ದರದ ವಸತಿಗೃಹವನ್ನು ತಿಳಿಸಿದರೆ ಉಪಕಾರವಾಗುತ್ತದೆ. ರೈಲು ನಿಲ್ದಾಣಕ್ಕೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು.